ಮನೆತನದ ಹೆಸರಿಗೆ ಟಿಕೆಟ್ ಸಿಗುತ್ತದೆ, ಓಟು ಸಿಗುತ್ತದೆಯೇ?

2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರಿನ ನಾಲ್ಕು ಕ್ಷೇತ್ರಗಳಿಗೆ ಕಾಂಗ್ರೆಸ್ ನಿಲ್ಲಿಸಿದ ಅಭ್ಯರ್ಥಿಗಳನ್ನು ಒಮ್ಮೆ ನೋಡಿ. ಬೆಂಗಳೂರು ದಕ್ಷಿಣದಲ್ಲಿ ಸಾರಿಗೆ ಸಚಿವ ರಾಮಲಿಂಗಾ ರೆಡ್ಡಿಯವರ ಮಗಳು ಸೌಮ್ಯಾ ರೆಡ್ಡಿ. ಕೇಂದ್ರದಲ್ಲಿ ಮಾಜಿ ಕೇಂದ್ರ ಸಚಿವ ಕೆ. ರೆಹಮಾನ್ ಖಾನ್ ಅವರ ಮಗ ಮನ್ಸೂರ್ ಅಲಿ ಖಾನ್. ಉತ್ತರದಲ್ಲಿ ಮಾಜಿ ಸ್ಪೀಕರ್ ಎಂ.ವಿ. ವೆಂಕಟಪ್ಪನವರ ಮಗ ರಾಜೀವ್ ಗೌಡ. ಗ್ರಾಮಾಂತರದಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರ ತಮ್ಮ ಡಿ.ಕೆ. ಸುರೇಶ್. ನಾಲ್ವರೂ ರಾಜಕೀಯ ಮನೆಯವರು. ನಾಲ್ವರೂ ಸೋತರು.

ಈಗ ಅದೇ ಚುನಾವಣೆಯಲ್ಲಿ ರಾಜ್ಯದ ಉಳಿದ ಕಡೆ ಏನಾಯಿತು ನೋಡೋಣ. ಕಾಂಗ್ರೆಸ್ 28ರಲ್ಲಿ 9 ಕ್ಷೇತ್ರ ಗೆದ್ದಿತು. ಬೀದರ್‌ನಲ್ಲಿ ಈಶ್ವರ ಖಂಡ್ರೆಯವರ ಮಗ ಸಾಗರ್, ಚಿಕ್ಕೋಡಿಯಲ್ಲಿ ಸತೀಶ ಜಾರಕಿಹೊಳಿಯವರ ಮಗಳು ಪ್ರಿಯಾಂಕಾ, ಚಾಮರಾಜನಗರದಲ್ಲಿ ಎಚ್.ಸಿ. ಮಹದೇವಪ್ಪನವರ ಮಗ ಸುನಿಲ್ ಬೋಸ್, ದಾವಣಗೆರೆಯಲ್ಲಿ ಶಾಮನೂರು ಮನೆಯ ಸೊಸೆ ಪ್ರಭಾ ಮಲ್ಲಿಕಾರ್ಜುನ್, ಕಲಬುರಗಿಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರ ಅಳಿಯ ರಾಧಾಕೃಷ್ಣ ದೊಡ್ಡಮನಿ, ಹಾಸನದಲ್ಲಿ ಜಿ. ಪುಟ್ಟಸ್ವಾಮಿಗೌಡರ ಮೊಮ್ಮಗ ಶ್ರೇಯಸ್ ಪಟೇಲ್, ಕೊಪ್ಪಳದಲ್ಲಿ ಹಿಟ್ನಾಳ ಮನೆಯ ರಾಜಶೇಖರ್. ಒಂಬತ್ತರಲ್ಲಿ ಏಳು ಮಂದಿ ಮನೆತನದವರೇ. ಹೊರಗಿನವರು ಬಳ್ಳಾರಿಯ ಇ. ತುಕಾರಾಂ ಮತ್ತು ರಾಯಚೂರಿನ ನಿವೃತ್ತ ಐಎಎಸ್ ಅಧಿಕಾರಿ ಜಿ. ಕುಮಾರ ನಾಯಕ, ಇಬ್ಬರೇ.

ಒಂದೇ ಪಕ್ಷ, ಒಂದೇ ಗ್ಯಾರಂಟಿ ಯೋಜನೆ, ಒಂದೇ ಸರ್ಕಾರ. ಜಿಲ್ಲೆಗಳಲ್ಲಿ ಕೆಲಸ ಮಾಡಿದ ಮನೆತನ ಬೆಂಗಳೂರಿನಲ್ಲಿ ಯಾಕೆ ಕೆಲಸ ಮಾಡಲಿಲ್ಲ? ಜಿಲ್ಲೆಗಳಲ್ಲೂ ಎಲ್ಲ ಕಡೆ ಗೆಲ್ಲಲಿಲ್ಲ ಅನ್ನುವುದು ನಿಜ. ಬೆಳಗಾವಿಯಲ್ಲಿ ಲಕ್ಷ್ಮೀ ಹೆಬ್ಬಾಳ್ಕರ್ ಅವರ ಮಗ ಮೃಣಾಲ್ ಸೋತರು. ಬಾಗಲಕೋಟೆಯಲ್ಲಿ ಶಿವಾನಂದ ಪಾಟೀಲರ ಮಗಳು ಸಂಯುಕ್ತಾ ಸೋತರು. ಶಿವಮೊಗ್ಗದಲ್ಲಿ ಎಸ್. ಬಂಗಾರಪ್ಪನವರ ಮಗಳು ಗೀತಾ ಶಿವರಾಜ್‌ಕುಮಾರ್ ಸೋತಿದ್ದು ಇನ್ನೊಂದು ಮನೆತನದ ಎದುರು, ಯಡಿಯೂರಪ್ಪನವರ ಮಗ ಬಿ.ವೈ. ರಾಘವೇಂದ್ರ ಅವರಿಗೆ. ಆದರೂ ಒಂಬತ್ತರಲ್ಲಿ ಏಳು ಮತ್ತು ನಾಲ್ಕರಲ್ಲಿ ಸೊನ್ನೆ, ಈ ಎರಡರ ನಡುವಿನ ಅಂತರ ದೊಡ್ಡದು. ಅದಕ್ಕೆ ಕಾರಣ ಹುಡುಕಬೇಕಾದರೆ ಪ್ರಚಾರದಲ್ಲಿ ಮನೆತನ ಅನ್ನುವುದು ನಿಜವಾಗಿ ಏನು ಕೆಲಸ ಮಾಡುತ್ತದೆ ಅಂತ ಮೊದಲು ನೋಡಬೇಕು.

ಹದಿನಾರು ದಿನ, ಇಪ್ಪತ್ತು ಲಕ್ಷ ಜನ

ಬೆಂಗಳೂರಿನ ಪ್ರತಿ ಲೋಕಸಭಾ ಕ್ಷೇತ್ರದಲ್ಲೂ 20 ಲಕ್ಷಕ್ಕಿಂತ ಜಾಸ್ತಿ ಮತದಾರರಿದ್ದಾರೆ. ಒಂದೊಂದರೊಳಗೆ ಎಂಟು ವಿಧಾನಸಭಾ ಕ್ಷೇತ್ರಗಳು. 2024ರಲ್ಲಿ ನಾಮಪತ್ರ ವಾಪಸ್ ಪಡೆಯಲು ಕೊನೆಯ ದಿನ ಏಪ್ರಿಲ್ 8. ಮತದಾನ ಏಪ್ರಿಲ್ 26. ಅದಕ್ಕೆ 48 ಗಂಟೆ ಮೊದಲು ಬಹಿರಂಗ ಪ್ರಚಾರ ನಿಲ್ಲಬೇಕು. ಕಣದಲ್ಲಿ ಯಾರಿದ್ದಾರೆ ಅಂತ ಖಚಿತವಾದ ಮೇಲೆ ಉಳಿಯುವುದು ಸುಮಾರು ಹದಿನಾರು ದಿನ. ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಲುಪಬೇಕು. ಯಾವ ಅಭ್ಯರ್ಥಿಯ ಕಾಲಿಗೂ ಅಷ್ಟು ಶಕ್ತಿ ಇಲ್ಲ.

ಅದಕ್ಕೇ ಹೆಸರು ಬೇಕು. ಹೊಸಬರೊಬ್ಬರು ಒಂದು ಬೀದಿಗೆ ಬಂದರೆ ಮೊದಲ ಐದು ನಿಮಿಷ ತಾವು ಯಾರು ಅಂತ ಹೇಳಲು ಹೋಗುತ್ತದೆ. ಮನೆತನದವರಿಗೆ ಆ ಐದು ನಿಮಿಷ ಉಳಿಯುತ್ತದೆ. ನಮ್ಮ ಕಡೆಯ ಮನೆ ಮನೆ ಪ್ರಚಾರ ನೋಡಿದವರಿಗೆ ಇದು ಗೊತ್ತು. ಮುಂದೆ ಇಬ್ಬರು ಹುಡುಗರು ಕರಪತ್ರ ಹಿಡಿದು ಗೇಟು ಬಡಿಯುತ್ತಾರೆ. "ಅಮ್ಮ, ಸ್ವಲ್ಪ ಹೊರಗೆ ಬನ್ನಿ, ನಮ್ಮ ಸಾಹೇಬ್ರ ಮಗಳು ಬಂದಿದಾರೆ." ಮನೆಯ ಹೆಂಗಸು ಆರತಿ ತಟ್ಟೆ ತರುತ್ತಾರೆ. ಅಭ್ಯರ್ಥಿ ಕೈ ಮುಗಿಯುತ್ತಾರೆ, ತಟ್ಟೆಗೆ ನೋಟು ಹಾಕುವುದಿಲ್ಲ. ಯಾಕೆಂದರೆ ಹಿಂದೆಯೇ ಚುನಾವಣಾ ಆಯೋಗದ ವಿಡಿಯೋ ತಂಡ ಇರಬಹುದು. ಆಮೇಲೆ ಆ ತಾಯಿ ಕೇಳುವ ಮೊದಲ ಪ್ರಶ್ನೆ: "ಸಾಹೇಬ್ರು ಚೆನ್ನಾಗಿದಾರಾ?" ಎರಡನೆಯದು: "ಈ ಮೋರಿ ಯಾವಾಗ ಸರಿ ಮಾಡಿಸ್ತೀರಿ?"

ಈ ಎರಡೇ ಪ್ರಶ್ನೆಯಲ್ಲಿ ಇಡೀ ಕಥೆ ಇದೆ. ಮೋರಿ ಪಾಲಿಕೆಯ ಕೆಲಸ. ಸಾಹೇಬರು ಶಾಸಕರು ಅಥವಾ ರಾಜ್ಯದ ಸಚಿವರು. ಓಟು ಕೇಳುತ್ತಿರುವುದು ದೆಹಲಿಗೆ ಹೋಗುವ ಕೆಲಸಕ್ಕೆ. ಮೂರು ಬೇರೆ ಬೇರೆ ಹುದ್ದೆಗಳು ಒಂದೇ ಗೇಟಿನ ಮುಂದೆ ಕಲಸಿಹೋಗುತ್ತವೆ. ಅಭ್ಯರ್ಥಿ "ಅಪ್ಪನಿಗೆ ಹೇಳ್ತೀನಿ, ಮಾಡಿಸೋಣ" ಅನ್ನುತ್ತಾರೆ. ಅದು ಸುಳ್ಳೇನಲ್ಲ, ಹೇಳಿದರೆ ಮೋರಿ ಸರಿಯಾಗಲೂಬಹುದು. ಆದರೆ ಸಂಸತ್ತಿನಲ್ಲಿ ತಾವು ಏನು ಮಾಡುತ್ತೇವೆ ಅಂತ ಹೇಳುವ ಅವಕಾಶವೇ ಅಲ್ಲಿ ಬರುವುದಿಲ್ಲ. ಕೇಳುವವರಿಗೂ ಅದು ಹೊಳೆಯುವುದಿಲ್ಲ.

ಹೆಸರಿನ ಜೊತೆ ಬರುವ ಎರಡನೆಯ ಆಸ್ತಿ ಜನ. ಒಂದು ಲೋಕಸಭಾ ಕ್ಷೇತ್ರದಲ್ಲಿ 2,000ಕ್ಕೂ ಹೆಚ್ಚು ಮತಗಟ್ಟೆಗಳು. ಪ್ರತಿ ಮತಗಟ್ಟೆಯ ಒಳಗೆ ಒಬ್ಬ ಏಜೆಂಟ್ ಕೂರಬೇಕು. ಹೊರಗೆ 200 ಮೀಟರ್ ಆಚೆ ಒಂದು ಟೇಬಲ್, ಎರಡು ಕುರ್ಚಿ ಹಾಕಿಕೊಂಡು ಪಟ್ಟಿಯಲ್ಲಿ ಹೆಸರು ಹುಡುಕಿ ಚೀಟಿ ಬರೆದುಕೊಡುವವರು ಬೇಕು. ಮಧ್ಯಾಹ್ನದ ಊಟ ತಲುಪಿಸುವವರು ಬೇಕು. ಸಂಜೆ ನಾಲ್ಕಕ್ಕೆ ಇನ್ನೂ ಬಾರದ ಮನೆಗಳಿಗೆ ಹೋಗಿ ಕರೆತರುವವರು ಬೇಕು. ಮೂವತ್ತು ವರ್ಷ ಶಾಸಕರಾಗಿದ್ದವರ ಮನೆಯಲ್ಲಿ ಈ ಪಟ್ಟಿ ಸಿದ್ಧವಾಗಿರುತ್ತದೆ. ಯಾವ ಬೀದಿಗೆ ಯಾರು, ಯಾರ ಮಾತು ಯಾರು ಕೇಳುತ್ತಾರೆ, ಯಾರ ಮಗಳ ಕಾಲೇಜು ಸೀಟಿಗೆ ಪತ್ರ ಕೊಟ್ಟಿದ್ದೇವೆ, ಎಲ್ಲವೂ ಗೊತ್ತಿರುತ್ತದೆ. ಹೊಸಬರು ಇದನ್ನು ಕಟ್ಟಬೇಕಾದರೆ ಐದು ವರ್ಷ ಬೇಕು.

ಮೂರನೆಯದು ದುಡ್ಡು. ಲೋಕಸಭಾ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿ 95 ಲಕ್ಷ ರೂಪಾಯಿ. 2019ರ ಚುನಾವಣೆಯಲ್ಲಿ 70 ಲಕ್ಷ ಇತ್ತು. ಇದಕ್ಕೆ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಕುರ್ಚಿ, ಶಾಮಿಯಾನ, ಊಟ, ವಾಹನ ಎಲ್ಲದಕ್ಕೂ ಜಿಲ್ಲಾ ಚುನಾವಣಾಧಿಕಾರಿ ದರ ಪಟ್ಟಿ ಮಾಡಿರುತ್ತಾರೆ. ಅಭ್ಯರ್ಥಿ ಕೊಟ್ಟ ಲೆಕ್ಕದ ಪಕ್ಕದಲ್ಲೇ ಆಯೋಗದ ತಂಡ ತನ್ನದೇ ಲೆಕ್ಕ ಬರೆದುಕೊಳ್ಳುತ್ತದೆ. ಫಲಿತಾಂಶ ಬಂದ 30 ದಿನದೊಳಗೆ ಪೂರ್ತಿ ಲೆಕ್ಕ ಒಪ್ಪಿಸಬೇಕು. ಆದರೆ ಈ ಲೆಕ್ಕ ಶುರುವಾಗುವುದು ನಾಮಪತ್ರ ಸಲ್ಲಿಸಿದ ದಿನದಿಂದ. ಅದಕ್ಕೂ ಮೊದಲು ಹತ್ತಾರು ವರ್ಷ ಮನೆತನ ಹಾಕಿದ ಬಂಡವಾಳ, ಅಂದರೆ ಹಬ್ಬಕ್ಕೆ ಕೊಟ್ಟ ದೇಣಿಗೆ, ಅಣ್ಣಮ್ಮನ ಉತ್ಸವದ ಅನ್ನದಾನ, ಕ್ರಿಕೆಟ್ ಟೂರ್ನಿಯ ಕಪ್ಪು, ಸಾವಿನ ಮನೆಗೆ ಕಳಿಸಿದ ನೆರವು, ಇದ್ಯಾವುದೂ ಎಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ಪಕ್ಷ ಮಾಡುವ ಖರ್ಚಿಗಂತೂ ಮಿತಿಯೇ ಇಲ್ಲ. ಸ್ಟಾರ್ ಪ್ರಚಾರಕರ ಪಟ್ಟಿಯಲ್ಲಿ ಒಂದು ಮಾನ್ಯತೆ ಪಡೆದ ಪಕ್ಷ 40 ಜನರನ್ನು ಸೇರಿಸಬಹುದು, ಅವರ ಓಡಾಟದ ಖರ್ಚು ಅಭ್ಯರ್ಥಿಯ ತಲೆಗೆ ಬರುವುದಿಲ್ಲ. ಅಪ್ಪ ಆ ಪಟ್ಟಿಯಲ್ಲಿದ್ದರೆ ಅಪ್ಪನ ಓಡಾಟವೂ ಹೊರಗೇ. ಇಬ್ಬರೂ ಒಂದೇ ವೇದಿಕೆ ಹತ್ತಿದರೆ ಮಾತ್ರ ಸಭೆಯ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರುತ್ತದೆ.

ಮನೆಯವರೇ ಸಚಿವರಾಗಿದ್ದರೆ ಇನ್ನೊಂದು ತೊಡಕು. ಸರ್ಕಾರಿ ಪ್ರವಾಸ ಮತ್ತು ಪ್ರಚಾರ ಎರಡನ್ನೂ ಬೆರೆಸಬಾರದು ಅಂತ ಮಾದರಿ ನೀತಿ ಸಂಹಿತೆ ಹೇಳುತ್ತದೆ. ಸರ್ಕಾರಿ ಕಾರನ್ನು ಪ್ರಚಾರಕ್ಕೆ ತರುವ ಹಾಗಿಲ್ಲ. ಕಾರನ್ನು ತಡೆಯಬಹುದು. ಆದರೆ ಸಚಿವರು ಅನ್ನುವ ಭಾವನೆಯನ್ನು ಮನೆಯ ಜಗಲಿಯಲ್ಲಿ ಬಿಟ್ಟು ಬರಲು ಯಾರಿಗೂ ಆಗುವುದಿಲ್ಲ. ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಅದು ರಾಮಲಿಂಗಾ ರೆಡ್ಡಿಯವರ ಇಲಾಖೆಯದು. ಅವರ ಮಗಳು ಕ್ಷೇತ್ರದಲ್ಲಿ ಓಟು ಕೇಳುವಾಗ ಆ ಬಸ್ಸು ಜನರ ಮನಸ್ಸಿಗೆ ಬರದೇ ಇರಲು ಸಾಧ್ಯವೇ? ಸಹಜವಾಗಿ ಬರುತ್ತದೆ. ಇದರಲ್ಲಿ ನಿಯಮ ಮೀರಿದ್ದು ಏನೂ ಇಲ್ಲ. ಆದರೆ ಇಲ್ಲಿಯೂ ಮತದಾರರು ತೂಗುತ್ತಿರುವುದು ಅಪ್ಪನ ಕೆಲಸವನ್ನು.

ಹೆಸರು ಒಂದೇ, ಬೇರು ಬೇರೆ

ಇಷ್ಟೆಲ್ಲ ಅನುಕೂಲ ಇದ್ದೂ ನಾಲ್ವರೂ ಸೋತರು ಅನ್ನುವುದಕ್ಕೆ ಒಂದೇ ಕಾರಣ ಕೊಡಲಾಗದು. ಮನೆತನ ಅನ್ನುವುದು ಎಲ್ಲ ಕಡೆ ಒಂದೇ ವಸ್ತು ಅಲ್ಲ.

ಮನ್ಸೂರ್ ಅಲಿ ಖಾನ್ ಅವರ ತಂದೆ ರೆಹಮಾನ್ ಖಾನ್ ರಾಜ್ಯಸಭೆಯ ಉಪಸಭಾಪತಿಯಾಗಿದ್ದವರು. ದೊಡ್ಡ ಹೆಸರು. ಆದರೆ ಆ ಹೆಸರು ಬೆಳೆದದ್ದು ದೆಹಲಿಯಲ್ಲಿ, ವಾರ್ಡುಗಳಲ್ಲಿ ಅಲ್ಲ. ಶಿವಾಜಿನಗರ, ಶಾಂತಿನಗರ, ಚಾಮರಾಜಪೇಟೆ, ಸರ್ವಜ್ಞನಗರದಲ್ಲಿ ಅವರ ಪ್ರಚಾರ ಎಳೆದವರು ಅಲ್ಲಿನ ಕಾಂಗ್ರೆಸ್ ಶಾಸಕರು. ಸೋಲಿನ ಅಂತರ 32,707. ನಾಲ್ಕರಲ್ಲಿ ತೀರಾ ಹತ್ತಿರ ಬಂದದ್ದು ಇದೇ. ಮಹದೇವಪುರ ಒಂದರಲ್ಲೇ ಬಿಜೆಪಿಗೆ 1,14,046 ಮತಗಳ ಮುನ್ನಡೆ ಸಿಕ್ಕಿತು. ಉಳಿದ ಏಳು ಕ್ಷೇತ್ರ ಸೇರಿಸಿದರೆ ಕಾಂಗ್ರೆಸ್ಸೇ ಮುಂದಿತ್ತು. (ಮಹದೇವಪುರದ ಮತದಾರರ ಪಟ್ಟಿ ಬಗ್ಗೆ 2025ರ ಆಗಸ್ಟ್‌ನಲ್ಲಿ ರಾಹುಲ್ ಗಾಂಧಿ ಗಂಭೀರ ಆರೋಪ ಮಾಡಿದರು, ಆಯೋಗ ಒಪ್ಪಲಿಲ್ಲ. ಅದು ಬೇರೆಯೇ ಚರ್ಚೆ.) ವೈಟ್‌ಫೀಲ್ಡ್, ಮಾರತ್ತಹಳ್ಳಿ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಇರುವವರಲ್ಲಿ ಎಷ್ಟೋ ಜನ ಈಚೆಗೆ ಬಂದು ನೆಲೆಸಿದವರು. ಅವರಿಗೆ ನಮ್ಮ ಊರಿನ ಯಾವ ಮನೆತನದ ಋಣವೂ ಇಲ್ಲ. ಹೆಸರು ಕೇಳಿದರೆ ನೆನಪು ಬರುವುದಿಲ್ಲ. ಅವರು ನೋಡುವುದು ಪಕ್ಷವನ್ನು, ಪ್ರಧಾನಿ ಯಾರಾಗುತ್ತಾರೆ ಅನ್ನುವುದನ್ನು.

ಬೆಂಗಳೂರು ದಕ್ಷಿಣದಲ್ಲಿ ಕಥೆ ಬೇರೆ. ರಾಮಲಿಂಗಾ ರೆಡ್ಡಿಯವರದು ವಾರ್ಡಿನ ಬೇರು. ಜಯನಗರದಲ್ಲಿ ಗೆಲ್ಲುತ್ತಾ ಬಂದು 2008ರಿಂದ ಬಿಟಿಎಂ ಬಡಾವಣೆಯ ಶಾಸಕರು. ಸೌಮ್ಯಾ ರೆಡ್ಡಿ 2018ರಲ್ಲಿ ಜಯನಗರ ಗೆದ್ದರು. 2023ರಲ್ಲಿ ಅದೇ ಕ್ಷೇತ್ರವನ್ನು ಸಿ.ಕೆ. ರಾಮಮೂರ್ತಿಯವರಿಗೆ ಬರೀ 16 ಓಟಿನಲ್ಲಿ ಬಿಟ್ಟುಕೊಟ್ಟರು, ಅದೂ ಮರು ಎಣಿಕೆಯ ನಂತರ. ಮರುವರ್ಷ ಲೋಕಸಭೆಗೆ ನಿಂತಾಗ ಅಂತರ 2,77,083. ಒಂದೇ ವರ್ಷದಲ್ಲಿ ಅವರೇನೂ ಬದಲಾಗಿರಲಿಲ್ಲ. ಎರಡು ಚುನಾವಣೆ ಬೇರೆ ಬೇರೆ ಆಗಿದ್ದವು ಅಷ್ಟೇ. ಮನೆತನದ ಜಾಲ ಎಂಟರಲ್ಲಿ ಎರಡು ವಿಧಾನಸಭಾ ಕ್ಷೇತ್ರದಲ್ಲಿ ಗಟ್ಟಿ. ಬಸವನಗುಡಿ, ಪದ್ಮನಾಭನಗರ, ಬೊಮ್ಮನಹಳ್ಳಿಯಲ್ಲಿ ಅದಕ್ಕೆ ಎದುರಾಗಿ ಬಿಜೆಪಿಯ ಸಂಘಟನೆ ಇದೆ. ಮತದಾರರ ಪಟ್ಟಿಯ ಒಂದೊಂದು ಪುಟಕ್ಕೆ ಒಬ್ಬೊಬ್ಬ ಪೇಜ್ ಪ್ರಮುಖರನ್ನು ಇಡುವ ಪಕ್ಷಕ್ಕೆ ಮನೆತನದ ಪಟ್ಟಿ ಬೇಕಾಗುವುದಿಲ್ಲ. ಕಾಂಗ್ರೆಸ್ ಮನೆತನದಿಂದ ಪಡೆಯುವುದನ್ನು ಬಿಜೆಪಿ ಇಲ್ಲಿ ಸಂಘಟನೆಯಿಂದ ಪಡೆಯುತ್ತದೆ. ಬೆಂಗಳೂರು ಉತ್ತರದಲ್ಲಿ ಇದು ಇನ್ನೂ ಸ್ಪಷ್ಟ. ಶೋಭಾ ಕರಂದ್ಲಾಜೆಯವರಿಗೆ ರಾಜಕೀಯ ಮನೆತನ ಇಲ್ಲ. ಉಡುಪಿ-ಚಿಕ್ಕಮಗಳೂರಿನಿಂದ ಬಂದು ನಿಂತು 2,59,476 ಮತಗಳಿಂದ ಗೆದ್ದರು.

ಹಾಗಂತ ಬಿಜೆಪಿಯಲ್ಲಿ ಮನೆತನ ಇಲ್ಲ ಅನ್ನುವುದು ಸರಿಯಲ್ಲ. ಅನಂತಕುಮಾರ್ ಬೆಂಗಳೂರು ದಕ್ಷಿಣವನ್ನು 1996ರಿಂದ ಸತತ ಆರು ಸಲ ಗೆದ್ದವರು. 2018ರ ನವೆಂಬರ್‌ನಲ್ಲಿ ತೀರಿಕೊಂಡರು. ಅವರ ಪತ್ನಿ ತೇಜಸ್ವಿನಿ ಅನಂತಕುಮಾರ್ ಅವರಿಗೇ 2019ರ ಟಿಕೆಟ್ ಅಂತ ಎಲ್ಲರೂ ಅಂದುಕೊಂಡಿದ್ದರು. ಕೊನೆಯ ಗಳಿಗೆಯಲ್ಲಿ 28 ವರ್ಷದ ತೇಜಸ್ವಿ ಸೂರ್ಯ ಅವರಿಗೆ ಸಿಕ್ಕಿತು. ಮನೆತನಕ್ಕೆ ಮಣಿಯಲಿಲ್ಲ ಅಂತ ಆಗ ಪಕ್ಷದವರು ಹೇಳಿಕೊಂಡರು. ಆದರೆ ತೇಜಸ್ವಿ ಸೂರ್ಯ ಬಸವನಗುಡಿ ಶಾಸಕ ರವಿ ಸುಬ್ರಹ್ಮಣ್ಯ ಅವರ ಅಣ್ಣನ ಮಗ. ಪಕ್ಷದ ರಾಜ್ಯಾಧ್ಯಕ್ಷ ಹುದ್ದೆ 2023ರ ನವೆಂಬರ್‌ನಲ್ಲಿ ಯಡಿಯೂರಪ್ಪನವರ ಇನ್ನೊಬ್ಬ ಮಗ ಬಿ.ವೈ. ವಿಜಯೇಂದ್ರ ಅವರಿಗೆ ಹೋಯಿತು. ಮಗ ಕಾಂತೇಶ್‌ಗೆ ಹಾವೇರಿ ಟಿಕೆಟ್ ಸಿಗಲಿಲ್ಲ ಅಂತ ಕೆ.ಎಸ್. ಈಶ್ವರಪ್ಪ 2024ರಲ್ಲಿ ಶಿವಮೊಗ್ಗದಲ್ಲಿ ಪಕ್ಷೇತರರಾಗಿ ನಿಂತರು. ಯಡಿಯೂರಪ್ಪ ಕುಟುಂಬದ ಹಿಡಿತದಿಂದ ಪಕ್ಷವನ್ನು ಬಿಡಿಸುತ್ತೇನೆ ಅನ್ನುವುದೇ ಅವರ ಪ್ರಚಾರದ ಮುಖ್ಯ ಮಾತಾಗಿತ್ತು. ಜೆಡಿಎಸ್ ಬಗ್ಗೆ ಬಿಡಿಸಿ ಹೇಳುವುದೇ ಬೇಡ.

ಕನಕಪುರದ ಹಳೇ ಲೆಕ್ಕ

ಬೆಂಗಳೂರು ಗ್ರಾಮಾಂತರವನ್ನು ಸ್ವಲ್ಪ ನಿಂತು ನೋಡಬೇಕು. ಇಡೀ ರಾಜ್ಯದಲ್ಲಿ ಎರಡು ಮನೆತನಗಳ ನಡುವಿನ ಜಿದ್ದು ಇಷ್ಟು ದೀರ್ಘ ಕಾಲ ನಡೆದ ಕ್ಷೇತ್ರ ಇನ್ನೊಂದಿಲ್ಲ ಅನ್ನಿಸುತ್ತದೆ. 1985ರಲ್ಲಿ ಸಾತನೂರು ವಿಧಾನಸಭಾ ಕ್ಷೇತ್ರದಲ್ಲಿ ಎಚ್.ಡಿ. ದೇವೇಗೌಡರ ಎದುರು ನಿಂತು ಸೋತ ಯುವಕ ಡಿ.ಕೆ. ಶಿವಕುಮಾರ್. 1999ರಲ್ಲಿ ಅದೇ ಸಾತನೂರಿನಲ್ಲಿ ಅವರು ಗೌಡರ ಮಗ ಎಚ್.ಡಿ. ಕುಮಾರಸ್ವಾಮಿಯವರನ್ನು ಸೋಲಿಸಿದರು. 2002ರ ಕನಕಪುರ ಲೋಕಸಭಾ ಉಪಚುನಾವಣೆಯಲ್ಲಿ ದೇವೇಗೌಡರು ಶಿವಕುಮಾರ್ ಅವರನ್ನು ಸೋಲಿಸಿದರು. 2004ರಲ್ಲಿ ಅಲ್ಲೇ ಗೌಡರು ಕಾಂಗ್ರೆಸ್ಸಿನ ತೇಜಸ್ವಿನಿ ಗೌಡ ಅವರಿಗೆ ಸೋತರು. ಕ್ಷೇತ್ರ ಪುನರ್ವಿಂಗಡಣೆ ಆಗಿ ಬೆಂಗಳೂರು ಗ್ರಾಮಾಂತರ ಅಂತ ಹೆಸರು ಬಂದ ಮೇಲೆ 2009ರಲ್ಲಿ ಕುಮಾರಸ್ವಾಮಿ ಗೆದ್ದರು. 2013ರ ಉಪಚುನಾವಣೆಯಲ್ಲಿ ಡಿ.ಕೆ. ಸುರೇಶ್ ಅವರು ಅನಿತಾ ಕುಮಾರಸ್ವಾಮಿಯವರನ್ನು ಸೋಲಿಸಿದರು. 2019ರಲ್ಲಿ ರಾಜ್ಯದ 28ರಲ್ಲಿ ಕಾಂಗ್ರೆಸ್ಸಿಗೆ ಉಳಿದ ಒಂದೇ ಒಂದು ಸ್ಥಾನ ಸುರೇಶ್ ಅವರದು.

2024ರಲ್ಲಿ ಅವರ ಎದುರು ಬಂದವರು ಡಾ. ಸಿ.ಎನ್. ಮಂಜುನಾಥ್. ದೇವೇಗೌಡರ ಅಳಿಯ. ಆದರೆ ಓಟು ಕೇಳಿದ್ದು ಅಳಿಯ ಅಂತ ಅಲ್ಲ. ಜಯದೇವ ಹೃದ್ರೋಗ ಸಂಸ್ಥೆಯನ್ನು 2007ರಿಂದ 2024ರ ಜನವರಿವರೆಗೆ ನಡೆಸಿದ ವೈದ್ಯ ಅಂತ. ನಿಂತ ಚಿಹ್ನೆಯೂ ಮನೆಯ ಪಕ್ಷದ ತೆನೆ ಹೊತ್ತ ಮಹಿಳೆ ಅಲ್ಲ, ಕಮಲ. ದುಡ್ಡಿಲ್ಲದವರಿಗೂ ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ಹೆಸರು ರಾಮನಗರ, ಮಾಗಡಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಗೊತ್ತು. ಅಪ್ಪನಿಗೋ ದೊಡ್ಡಪ್ಪನಿಗೋ ಅಲ್ಲಿ ಸ್ಟೆಂಟ್ ಹಾಕಿಸಿದವರು ಇದ್ದೇ ಇರುತ್ತಾರೆ. ಸುರೇಶ್ ಅವರದೂ ದುಡಿಮೆ ಕಡಿಮೆ ಅಲ್ಲ. ಸಂಸದ ಅನ್ನಿಸಿಕೊಂಡು ಪಂಚಾಯಿತಿ ಸದಸ್ಯರ ಹಾಗೆ ಊರೂರು ತಿರುಗುತ್ತಾರೆ ಅಂತ ಎದುರಾಳಿಗಳೂ ಒಪ್ಪುತ್ತಿದ್ದರು. ಆದರೆ ಫಲಿತಾಂಶ ಮಂಜುನಾಥ್ ಅವರಿಗೆ 2,69,647 ಮತಗಳ ಗೆಲುವು. ರಾಜರಾಜೇಶ್ವರಿನಗರ ಮತ್ತು ಬೆಂಗಳೂರು ದಕ್ಷಿಣ ಎಂಬ ನಗರದೊಳಗಿನ ವಿಧಾನಸಭಾ ಕ್ಷೇತ್ರಗಳು ದೊಡ್ಡ ಮುನ್ನಡೆ ಕೊಟ್ಟವು. ಹೆಸರು ಗ್ರಾಮಾಂತರ ಆದರೂ ಫಲಿತಾಂಶ ಬರೆದದ್ದು ನಗರ.

ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಗೆದ್ದದ್ದು ಸೋತದ್ದಲ್ಲ. ಮಂಜುನಾಥ್ ಅವರ ಬಗ್ಗೆ ಮಾತಾಡುವಾಗ ಜನರಿಗೆ ಮಾತಾಡಲು ಒಂದು ಕೆಲಸ ಇತ್ತು, ಅವರೇ ಮಾಡಿದ ಕೆಲಸ. ಹಿಂದೆ ಮನೆತನ ಇತ್ತು, ಮೈತ್ರಿ ಇತ್ತು, ಮೋದಿಯವರ ಹೆಸರು ಇತ್ತು, ನಿಜ. ಆದರೆ ಗೇಟಿನ ಮುಂದೆ "ಸಾಹೇಬ್ರು ಚೆನ್ನಾಗಿದಾರಾ?" ಅಂತ ಯಾರೂ ಕೇಳಬೇಕಿರಲಿಲ್ಲ. ಕುಮಾರಸ್ವಾಮಿಯವರ ಮಗ ನಿಖಿಲ್ ಅವರ ಕಥೆ ಇದಕ್ಕೆ ತದ್ವಿರುದ್ಧ. 2019ರಲ್ಲಿ ಮಂಡ್ಯದಲ್ಲಿ ಅಪ್ಪ ಮುಖ್ಯಮಂತ್ರಿ ಆಗಿದ್ದಾಗಲೇ ಸುಮಲತಾ ಅವರಿಗೆ 1,25,876 ಮತಗಳಿಂದ ಸೋತರು. 2023ರಲ್ಲಿ ರಾಮನಗರದಲ್ಲಿ ಸೋತರು. 2024ರ ನವೆಂಬರ್‌ನಲ್ಲಿ ಚನ್ನಪಟ್ಟಣ ಉಪಚುನಾವಣೆಯಲ್ಲಿ ಸೋತರು. ಅದೇ ಉಪಚುನಾವಣೆಯಲ್ಲಿ ಶಿಗ್ಗಾವಿಯಲ್ಲಿ ಬಸವರಾಜ ಬೊಮ್ಮಾಯಿಯವರ ಮಗ ಭರತ್ ಕೂಡ ಸೋತರು.

ಅಂದರೆ ಜನ ಮನೆತನಕ್ಕೆ ಕಣ್ಣು ಮುಚ್ಚಿ ಓಟು ಹಾಕುತ್ತಾರೆ ಅನ್ನುವ ಮಾತು ಸರಿಯಲ್ಲ. ಜಿಲ್ಲೆಗಳಲ್ಲೂ ಗೆದ್ದ ಮನೆತನಗಳ ಹಿಂದೆ ಸಕ್ಕರೆ ಕಾರ್ಖಾನೆ, ಸಹಕಾರಿ ಬ್ಯಾಂಕ್, ಇಂಜಿನಿಯರಿಂಗ್ ಕಾಲೇಜು, ಆಸ್ಪತ್ರೆ ಇವೆ. ದಾವಣಗೆರೆಯಲ್ಲಿ ಬಾಪೂಜಿ ಸಂಸ್ಥೆಗಳಿಗೂ ಶಾಮನೂರು ಮನೆಗೂ ಇರುವ ನಂಟು ಗೊತ್ತಿರುವುದೇ. ಅಲ್ಲಿ ಕಬ್ಬಿನ ಬಿಲ್ಲು, ಸಾಲ, ಸೀಟು, ನೌಕರಿ ಎಲ್ಲ ಒಂದು ಮನೆಯ ಬಾಗಿಲ ಹತ್ತಿರ ಬರುತ್ತವೆ. ಬೆಂಗಳೂರಿನವರಿಗೆ ಅಂಥ ಬಾಗಿಲು ಬೇಕಾಗಿಲ್ಲ. ನೌಕರಿ ಕೊಡುವುದು ಕಂಪನಿ. ಸಾಲ ಕೊಡುವುದು ಬ್ಯಾಂಕ್. ಬೀದಿಯ ನಲ್ಲಿಗೆ ನೀರು ಬಾರದಿದ್ದರೆ ಮಾತ್ರ ಶಾಸಕರ ಆಫೀಸು ನೆನಪಾಗುತ್ತದೆ. ಇನ್ನು ಮತದಾನಕ್ಕೇ ಬಾರದವರು ಎಷ್ಟೋ. 2024ರಲ್ಲಿ ರಾಜ್ಯದ ಸರಾಸರಿ ಶೇ 70 ದಾಟಿತ್ತು. ನಗರದ ಮೂರು ಕ್ಷೇತ್ರಗಳಲ್ಲಿ ಶೇ 53ರಿಂದ 55ರ ನಡುವೆ ನಿಂತಿತು.

ಟಿಕೆಟ್ ಹಂಚುವ ದಿನ

ಹಾಗಿದ್ದರೆ ತೊಂದರೆ ಎಲ್ಲಿದೆ? ಎಣಿಕೆಯ ದಿನ ಇಲ್ಲ. ಟಿಕೆಟ್ ಹಂಚುವ ದಿನ ಇದೆ. ಮತಯಂತ್ರದ ಮುಂದೆ ನಾವು ನಿಲ್ಲುವ ಹೊತ್ತಿಗೆ ಆಯ್ಕೆ ಅರ್ಧ ಮುಗಿದಿರುತ್ತದೆ. ಒಂದು ಮನೆಯ ಮಗನೋ ಇನ್ನೊಂದು ಮನೆಯ ಅಳಿಯನೋ, ಅಷ್ಟೇ ನಮ್ಮ ಪಾಲಿಗೆ ಉಳಿಯುವುದು.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಕಣ್ಣಿಗೆ ರಾಚುತ್ತದೆ. 2024ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ ಆರು ಮಹಿಳೆಯರಿಗೆ ಟಿಕೆಟ್ ಕೊಟ್ಟಿತು. ಐವರು ರಾಜಕೀಯ ಮನೆಯವರು. ಉತ್ತರ ಕನ್ನಡದ ಅಂಜಲಿ ನಿಂಬಾಳ್ಕರ್ ಒಬ್ಬರೇ ತಮ್ಮ ಹೆಸರಿನಲ್ಲೇ ಮೊದಲು ಶಾಸಕಿಯಾಗಿ ಬಂದವರು. ಬಿಜೆಪಿ ಇಬ್ಬರಿಗೆ ಕೊಟ್ಟಿತು. ಶೋಭಾ ಅವರನ್ನು ಬಿಟ್ಟರೆ ಇನ್ನೊಬ್ಬರು ದಾವಣಗೆರೆಯ ಆಗಿನ ಸಂಸದ ಜಿ.ಎಂ. ಸಿದ್ದೇಶ್ವರ ಅವರ ಪತ್ನಿ ಗಾಯತ್ರಿ. ಎಂಟರಲ್ಲಿ ಆರು ಮಂದಿ ಮನೆಯ ದಾರಿಯಿಂದ ಬಂದವರು. ಗೆದ್ದವರು ಮೂವರು.

ಮನೆತನವನ್ನು ಸಮರ್ಥಿಸುವವರು ಇದನ್ನೇ ತಿರುಗಿಸಿ ಹೇಳುತ್ತಾರೆ. ಈ ಮನೆಗಳಿಲ್ಲದಿದ್ದರೆ ಎಂಟು ಹೋಗಿ ಎರಡೇ ಆಗುತ್ತಿತ್ತಲ್ಲ ಅಂತ. ಈ ಮಾತನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ರಾತ್ರಿ ಹತ್ತರವರೆಗೆ ಬೀದಿ ತಿರುಗಲು, ದುಡ್ಡು ಹೊಂದಿಸಲು, ಚಾಡಿ ಮಾತು ತಡೆದುಕೊಳ್ಳಲು ಹೆಣ್ಣುಮಗಳೊಬ್ಬಳಿಗೆ ಬೆನ್ನಿಗೆ ಯಾರಾದರೂ ಬೇಕು ಅನ್ನುವ ಪರಿಸ್ಥಿತಿ ಈಗಲೂ ಇದೆ. ಆದರೆ ಅದಕ್ಕೆ ಅವರು ತೆರುವ ಬೆಲೆಯೂ ಇದೆ. ಸೌಮ್ಯಾ ರೆಡ್ಡಿಯವರಿಗೆ ಪರಿಸರ, ಪ್ರಾಣಿಗಳ ರಕ್ಷಣೆ, ಕಸ ವಿಂಗಡಣೆ ಬಗ್ಗೆ ತಮ್ಮದೇ ಆಸಕ್ತಿ ಇತ್ತು, ಶಾಸಕಿಯಾಗಿ ಐದು ವರ್ಷ ಮಾಡಿದ ಕೆಲಸ ಇತ್ತು. ಅದರ ಮೇಲೆ ಅವರನ್ನು ಹೊಗಳಬಹುದಿತ್ತು, ಟೀಕಿಸಬಹುದಿತ್ತು. ಪರವಾಗಿ ಮಾತಾಡಿದವರೂ ವಿರುದ್ಧ ಮಾತಾಡಿದವರೂ ಮೊದಲು ಹೇಳಿದ್ದು ಅವರ ಅಪ್ಪನ ಹೆಸರು. ಇದು ಆಕೆಗೂ ಅನ್ಯಾಯ, ಮತದಾರರಿಗೂ ನಷ್ಟ.

ಮನೆತನದ ಹೊರಗಿನವರು ಮೇಲೆ ಬರಲು ನಮ್ಮ ಊರಿನಲ್ಲಿ ಒಂದು ಏಣಿ ಇತ್ತು. ಅದರ ಕೆಳಗಿನ ಮೆಟ್ಟಿಲು ಪಾಲಿಕೆ. ರಾಮಲಿಂಗಾ ರೆಡ್ಡಿಯವರೂ ವಿ. ಸೋಮಣ್ಣನವರೂ ಪಾಲಿಕೆಯಿಂದಲೇ ಮೇಲೆ ಬಂದವರು. ಸೋಮಣ್ಣ ಈಗ ತುಮಕೂರಿನ ಸಂಸದರು, ಕೇಂದ್ರದಲ್ಲಿ ರಾಜ್ಯ ಸಚಿವರು. 2023ರಲ್ಲಿ 16 ಓಟಿನಿಂದ ಜಯನಗರ ಗೆದ್ದ ರಾಮಮೂರ್ತಿಯವರೂ ಮಾಜಿ ಕಾರ್ಪೊರೇಟರ್. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಆ ಸದಸ್ಯರ ಅವಧಿ ಮುಗಿಯಿತು. ಆಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಅಧಿಕಾರಿಗಳೇ ಊರು ನಡೆಸಿದರು. ವಾರ್ಡ್ ಮರುವಿಂಗಡಣೆ, ಮೀಸಲಾತಿ, ಕೋರ್ಟು, ಹೊಸ ಕಾಯ್ದೆ ಅಂತ ಒಂದಲ್ಲ ಒಂದು ಕಾರಣ. ಯಾವ ಸರ್ಕಾರ ಬಂದರೂ ಅವಸರ ತೋರಿಸಲಿಲ್ಲ. ಶಾಸಕರಿಗೆ ಇದರಿಂದ ಅನುಕೂಲವೇ ಆಯಿತು ಅಂತ ನಾನು ಖಚಿತವಾಗಿ ನಂಬಿದ್ದೇನೆ. ಕೆಳಗೆ ಕಾರ್ಪೊರೇಟರ್ ಇಲ್ಲದಿದ್ದರೆ ಮುಂದೆ ತಮ್ಮ ಸೀಟು ಕೇಳುವವರೂ ಇರುವುದಿಲ್ಲ. ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂವತ್ತು ವರ್ಷ ಕಳೆದುಹೋಗಿದೆ. ಅದೂ ಒಂದು ಮೆಟ್ಟಿಲು ಆಗಿತ್ತು.

ಮೆಟ್ಟಿಲು ಇಲ್ಲದಿದ್ದಾಗ ಪಕ್ಷಗಳು ಯಾರನ್ನು ಹುಡುಕುತ್ತವೆ? ಹೆಸರು ಇರುವವರನ್ನು, ಜನ ಇರುವವರನ್ನು, ದುಡ್ಡು ಇರುವವರನ್ನು. ಮೂರೂ ಒಂದೇ ಮನೆಯಲ್ಲಿ ಸಿಕ್ಕರೆ ಹುಡುಕಾಟ ಅಲ್ಲಿಗೇ ಮುಗಿಯಿತು.

ಇದರ ಪರಿಣಾಮ ಪ್ರಚಾರದ ಮಾತಿನಲ್ಲಿ ಕಾಣುತ್ತದೆ. ಬೆಂಗಳೂರು ಉಪನಗರ ರೈಲನ್ನೇ ತೆಗೆದುಕೊಳ್ಳಿ. 148 ಕಿಲೋಮೀಟರ್, 15,767 ಕೋಟಿ ರೂಪಾಯಿಯ ಯೋಜನೆ. ಕೇಂದ್ರ ಮತ್ತು ರಾಜ್ಯ ಎರಡರದೂ ಪಾಲಿದೆ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಮಾಡಿದ ಪ್ರಧಾನಿ 40 ತಿಂಗಳಲ್ಲಿ ಮುಗಿಸುವ ಮಾತಾಡಿದರು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ಕಳೆಯಿತು, ರೈಲು ಓಡಲಿಲ್ಲ. ಇದು ಸಂಸದರು ಪ್ರಶ್ನೆ ಕೇಳಬೇಕಾದ, ರೈಲ್ವೆ ಮಂಡಳಿಯ ಬೆನ್ನು ಹತ್ತಬೇಕಾದ ಕೆಲಸ. ಮೆಟ್ರೋಗೆ ಕೇಂದ್ರದ ಪಾಲು, ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ, ರಕ್ಷಣಾ ಇಲಾಖೆಯ ಜಾಗ ಅಡ್ಡ ಬಂದು ನಿಂತುಹೋದ ರಸ್ತೆಗಳು, ಎಲ್ಲವೂ ದೆಹಲಿಯಲ್ಲಿ ಬಗೆಹರಿಯಬೇಕಾದವು. 2024ರ ಬೇಸಿಗೆಯಲ್ಲಿ ಪ್ರಚಾರ ನಡೆದಾಗ ಊರಿನ ಕೊಳವೆಬಾವಿಗಳು ಬತ್ತಿದ್ದವು, ಟ್ಯಾಂಕರ್ ನೀರಿಗೆ ಜನ ಕಾಯುತ್ತಿದ್ದರು. ಮೇಕೆದಾಟು ಹೆಸರು ಎರಡೂ ಕಡೆಯ ಭಾಷಣದಲ್ಲಿ ಬಂತು. ಆದರೆ ನೀವು ಗೆದ್ದರೆ ಮೊದಲ ಅಧಿವೇಶನದಲ್ಲಿ ಏನು ಕೇಳುತ್ತೀರಿ ಅಂತ ಬೀದಿಯಲ್ಲಿ ಅಭ್ಯರ್ಥಿಯನ್ನು ನಿಲ್ಲಿಸಿ ಕೇಳಿದವರು ಕಡಿಮೆ. ಅಪಾರ್ಟ್‌ಮೆಂಟ್ ಸಂಘಗಳ ಸಭೆಗಳಲ್ಲಿ ಒಂದಿಷ್ಟು ಕೇಳಿದರು, ಅಲ್ಲೂ ಬೇಗ ಮಾತು ರಸ್ತೆ ಗುಂಡಿಗೆ ತಿರುಗಿತು.

ಈಗ ಎರಡು ಬದಲಾವಣೆ ಬರಲಿವೆ. ಸಂವಿಧಾನದ 106ನೇ ತಿದ್ದುಪಡಿ 2023ರಲ್ಲಿ ಆಗಿದೆ. ಜನಗಣತಿ, ಕ್ಷೇತ್ರ ಪುನರ್ವಿಂಗಡಣೆ ಆದ ಮೇಲೆ ಲೋಕಸಭೆಯಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ ಮೀಸಲು. ಈಗಿನ 28ರ ಲೆಕ್ಕದಲ್ಲೇ ನೋಡಿದರೂ ಕರ್ನಾಟಕದಿಂದ ಒಂಬತ್ತೋ ಹತ್ತೋ ಕ್ಷೇತ್ರ. 2024ರ ಅಭ್ಯಾಸವೇ ಮುಂದುವರಿದರೆ ಆ ಟಿಕೆಟ್‌ಗಳು ಹೆಂಡತಿ, ಮಗಳು, ಸೊಸೆಯರ ನಡುವೆ ಹಂಚಿಹೋಗುತ್ತವೆ.

ಇನ್ನೊಂದು, ಗ್ರೇಟರ್ ಬೆಂಗಳೂರು ಕಾಯ್ದೆಯಡಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಒಟ್ಟು 369 ವಾರ್ಡು. ಅರ್ಧದಷ್ಟು ಮಹಿಳೆಯರಿಗೆ. ಹಿಂದಿನ ಪಾಲಿಕೆಯಲ್ಲಿ ಮಹಿಳಾ ಮೀಸಲು ವಾರ್ಡುಗಳಲ್ಲಿ ಎಷ್ಟೋ ಕಡೆ ಫೋನ್ ಎತ್ತುತ್ತಿದ್ದವರು ಗಂಡಂದಿರು, ಇದು ಊರಿಗೆಲ್ಲ ಗೊತ್ತು. ಹಾಗಾಗಿ ಪಾಲಿಕೆ ಚುನಾವಣೆ ಬಂದ ತಕ್ಷಣ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ವಾರ್ಡು ಚಿಕ್ಕದು. ಕಸದ ಗಾಡಿ ಬಾರದಿದ್ದಾಗ ಯಾರು ಬೀದಿಗೆ ಬಂದು ನಿಂತರು ಅನ್ನುವುದು ಅಲ್ಲಿ ಮುಚ್ಚಿಡಲು ಆಗುವುದಿಲ್ಲ. ಅಪ್ಪನೋ ಗಂಡನೋ ಇಲ್ಲದೆ ಐದು ವರ್ಷ ಕೆಲಸ ಮಾಡಿ ತೋರಿಸಿದ ಹತ್ತು ಹೆಣ್ಣುಮಕ್ಕಳು ಅಲ್ಲಿಂದ ಹೊರಬಂದರೆ, ಟಿಕೆಟ್ ಹಂಚುವವರ ಮುಂದೆ ಇಡಲು ನಮ್ಮ ಹತ್ತಿರ ಹತ್ತು ಹೆಸರು ಇರುತ್ತದೆ. ಅದಕ್ಕೆ ವಾರ್ಡಿನ ಮಟ್ಟದಲ್ಲಿ ಪಕ್ಷದ ಕಚೇರಿಗೆ ಹೋಗಿ ಕೇಳಬೇಕು: ಈ ಮೀಸಲು ವಾರ್ಡಿಗೆ ಯಾರನ್ನು ನಿಲ್ಲಿಸುತ್ತೀರಿ, ಆಕೆ ಈವರೆಗೆ ಏನು ಮಾಡಿದ್ದಾರೆ, ಫೋನ್ ಯಾರು ಎತ್ತುತ್ತಾರೆ? ಕೇಳಬೇಕಾದದ್ದು ಪಟ್ಟಿ ಹೊರಬರುವ ಮೊದಲು.